ಗುಂಡಿಗೆ ಹಚ್ಚಿದ ಬಣ್ಣ

ಬರಿಯ ಸೀಸದ ಗುಂಡು ಹೊಡೆದರೆ ನಳಿಕೆಯ ಒಳಗೆ ಸೀಸ ಮೆತ್ತಿಕೊಳ್ಳುತ್ತದೆ. ಮೆತ್ತಿದಷ್ಟೂ ಗುರಿ ಕೆಡುತ್ತದೆ, ಕೆರೆದು ತೆಗೆಯುವುದೂ ತಲೆನೋವು. ಅದಕ್ಕೇ ಗುಂಡಿಗೆ ಏನಾದರೊಂದನ್ನು ಸವರುವ, ಸುತ್ತುವ ಪದ್ಧತಿ ಬಹಳ ಹಳೆಯದು.

ಹಾಗೆ ಸವರಿದ್ದಕ್ಕೇ ನಮ್ಮ ದೇಶ ಹೊತ್ತಿ ಉರಿದದ್ದೂ ಉಂಟು. ಎನ್‌ಫೀಲ್ಡ್ ಬಂದೂಕಿನ ಕಾಗದದ ತೋಟಾವನ್ನು ಸಿಪಾಯಿ ಹಲ್ಲಿನಿಂದ ಕಚ್ಚಿ ಹರಿದು, ಮದ್ದು ಸುರಿದು, ಗುಂಡನ್ನು ಗಜದಿಂದ ಒಳಕ್ಕೆ ದೂಡಬೇಕಿತ್ತು. ಸರಾಗ ಇಳಿಯಲೆಂದು ತೋಟಾಕ್ಕೆ ಕೊಬ್ಬು ಹಚ್ಚುತ್ತಿದ್ದರು. ದನದ್ದೋ ಹಂದಿಯದ್ದೋ ಎಂಬ ಗುಲ್ಲು 1857ರ ಜನವರಿಯಲ್ಲಿ ಕಲ್ಕತ್ತೆ ಬಳಿಯ ಡಂಡಂನಲ್ಲಿ ಎದ್ದಿತು. ಬೇಕಾದ್ದನ್ನು ನೀವೇ ಹಚ್ಚಿಕೊಳ್ಳಿ ಎಂದು ಅಧಿಕಾರಿಗಳು ಹೇಳಿದರೂ ಯಾರೂ ನಂಬಲಿಲ್ಲ. ಏಪ್ರಿಲ್‌ನಲ್ಲಿ ಮೀರತ್ತಿನ 85 ಸವಾರರು ತೋಟಾ ಮುಟ್ಟಲಿಲ್ಲ. ಮುಂದೆ ಎದ್ದ ಸಿಪಾಯಿ ದಂಗೆ ಗೊತ್ತೇ ಇದೆ.

1882ರಲ್ಲಿ ಸ್ವಿಟ್ಜರ್ಲೆಂಡಿನ ಎಡುವರ್ಡ್ ರೂಬಿನ್ ಗುಂಡಿಗೆ ತಾಮ್ರದ ಅಂಗಿ ತೊಡಿಸಿದ. ಸೈನ್ಯಗಳ ತಕರಾರು ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. ಆದರೆ ಅಮೆರಿಕದ ಹವ್ಯಾಸಿ ಗುರಿಕಾರರಿಗೆ ತಾಮ್ರ ದುಬಾರಿ. ಹಾರಿಸಿದ ತೋಟಾಗಳ ಹಿತ್ತಾಳೆ ಕೊಳವೆಗಳನ್ನು ಆಯ್ದು, ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಬದಲಿಸಿ, ಮದ್ದು ಅಳೆದು, ಮನೆಯಲ್ಲೇ ಎರಕ ಹೊಯ್ದ ಸೀಸದ ಗುಂಡು ಕೂರಿಸುವವರು ಅವರು. ಇದಕ್ಕೆಂದೇ ಇಕ್ಕಳದಂಥ ಸಲಕರಣೆ ಮಾರುವ ಐಡಿಯಲ್ ಕಂಪನಿಯನ್ನು ಜಾನ್ ಬಾರ್ಲೋ 1884ರಲ್ಲಿ ಕಟ್ಟಿದ. ಗುಂಡಿನ ಮೈಮೇಲಿನ ಗೀರುಗಳಿಗೆ ಜೇನುಮೇಣ ಬೆರೆತ ಜಿಡ್ಡು ತುಂಬುತ್ತಿದ್ದರು. ಹೊಗೆ ಬೇರೆ, ಕೈಯೆಲ್ಲ ಅಂಟು.

ಸೀಸ ನಳಿಕೆಗಷ್ಟೇ ಅಲ್ಲ, ಮೈಗೂ ಕೆಟ್ಟದ್ದು. 1978ರಲ್ಲಿ ಅಮೆರಿಕ ಸರ್ಕಾರ ಕೆಲಸದ ಜಾಗದ ಗಾಳಿಯಲ್ಲಿ ಸೀಸ ಘನಮೀಟರಿಗೆ 50 ಮೈಕ್ರೋಗ್ರಾಂ ಮೀರಬಾರದೆಂದು ಕಟ್ಟು ಹಾಕಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ, ಮುಚ್ಚಿದ ಶೂಟಿಂಗ್ ರೇಂಜ್‌ಗಳಿಗಾಗಿ ಸ್ಮಿತ್ ಅಂಡ್ ವೆಸನ್ ಬಂದೂಕು ಕಂಪನಿಯವರು ನೈಲಾನ್ ಹೊದಿಸಿದ ‘ನೈಕ್ಲಾಡ್’ ಗುಂಡು ತಂದರು. ಆಮೇಲೆ ಆಸ್ಟ್ರೇಲಿಯಾದಿಂದ ‘ಹೈಟೆಕ್’ ಲೇಪ ಬಂತು. ಕೊನೆಗೆ ಹವ್ಯಾಸಿಗಳು ಕೈಹಾಕಿದ್ದು ನನ್ನ ಕಸುಬಿಗೇ!

ಪೀಣ್ಯದಲ್ಲಿ ಬೀರುಗಳಿಗೆ ಪೌಡರ್ ಕೋಟಿಂಗ್ ಮಾಡಿಸಿ ನಿವೃತ್ತನಾದವನು ನಾನು. ಟೆಕ್ಸಸ್‌ನಲ್ಲಿರುವ ಅಕ್ಕನ ಮಗ ಪ್ಲಾಸ್ಟಿಕ್ ಡಬ್ಬಿಗೆ ಗುಂಡು, ಪ್ಲಾಸ್ಟಿಕ್ ಮಣಿ, ಕೆಂಪು ಪುಡಿ ಸುರಿದು ಅಲ್ಲಾಡಿಸುವುದನ್ನು ಕಂಡು, ಸ್ಪ್ರೇ ಗನ್ ಎಲ್ಲೋ ಎಂದೆ. “ಡಬ್ಬಿ ಕುಲುಕಿದರೆ ಸಾಕು ಮಾವ, ಉಜ್ಜಾಟಕ್ಕೇ ಕರೆಂಟ್ ಹುಟ್ಟುತ್ತೆ” ಎಂದ. ನಿಜ, ಸ್ಥಾಯೀ ವಿದ್ಯುತ್ತಿಗೆ ಪುಡಿ ಅಂಟುತ್ತದೆ. ಓವನ್ನಿನಲ್ಲಿ 200 ಡಿಗ್ರಿಗೆ ಇಪ್ಪತ್ತು ನಿಮಿಷ ಬೇಯಿಸಿದರೆ ಪುಡಿ ಕರಗಿ ಗಟ್ಟಿ ಪದರವಾಗುತ್ತದೆ. ಸೀಸ ಕರಗುವುದು 327ಕ್ಕೆ, ಆದ್ದರಿಂದ ಗುಂಡು ಗುಂಡಾಗಿಯೇ ಇರುತ್ತದೆ. ಬೆಂದಿದೆಯೇ ಎಂದು ಈ ಹವ್ಯಾಸಿಗಳು ಅಸಿಟೋನ್ ಬಟ್ಟೆಯಲ್ಲಿ ಉಜ್ಜಿ ನೋಡುತ್ತಾರೆ. ನಾವೂ ಥಿನ್ನರ್ ಹಾಕಿ ಹಾಗೇ ನೋಡುತ್ತಿದ್ದೆವು. ಸುತ್ತಿಗೆ ಏಟಿಗೆ ಗುಂಡು ಚಪ್ಪಟೆಯಾದರೂ ಬಣ್ಣ ಉದುರಬಾರದು. ಬೀರುವಿಗೆ ಇಷ್ಟು ಕಠಿಣ ಪರೀಕ್ಷೆ ಯಾವ ಗಿರಾಕಿಯೂ ಕೇಳಿರಲಿಲ್ಲ.

ಬಣ್ಣದಿಂದ ಗುಂಡು ತುಸು ದಪ್ಪವಾಗುತ್ತದೆ. ಅಳತೆಯ ಅಚ್ಚಿನಲ್ಲಿ ತೂರಿಸಿ ಸರಿಮಾಡಬೇಕು. ಕೊಳವೆಯ ಬಾಯನ್ನು ಕೊಂಚ ಅಗಲಿಸದಿದ್ದರೆ ಹಿತ್ತಾಳೆಯ ಅಂಚು ಬಣ್ಣವನ್ನು ಹೆರೆಯುತ್ತದೆ, ಹೆರೆದಲ್ಲಿ ಸೀಸ ಮತ್ತೆ ನಳಿಕೆಗೆ ಮೆತ್ತುತ್ತದೆ. ಪಿಸ್ತೂಲಿನ ವೇಗಕ್ಕೆ, ಕಾಗದದ ಗುರಿಗೆ ಹೊಡೆಯುವವರಿಗೆ ಇದಕ್ಕಿಂತ ಅಗ್ಗದ ಒಳ್ಳೆಯ ದಾರಿ ಇಲ್ಲವೆಂದೇ ನನ್ನ ಅಭಿಪ್ರಾಯ. ಹಾಗೆಂದು ಬಣ್ಣ ಹಚ್ಚಿದ್ದೇವಲ್ಲ ಎಂದು ಕೈ ತೊಳೆಯದೆ ಊಟಕ್ಕೆ ಕೂರಬೇಡಿ, ಆ ಓವನ್ನಿನಲ್ಲಿ ಅಡುಗೆಯನ್ನೂ ಮಾಡಬೇಡಿ. ಸಾಮಾನ್ಯ ಪ್ರೈಮರ್‌ನಲ್ಲೂ ಸೀಸ ಇದ್ದೇ ಇದೆ.