ಶಾಲೆಯೂ ಅದರ ದೂರವೂ

ವಿಶೇಷ ಶಿಕ್ಷಣ ಬೇಕಾದ ಮಕ್ಕಳಿಗಾಗಿ ಹೊಸ ಶಾಲೆಗಳನ್ನು ಯೋಜಿಸುವಾಗ ಸ್ಥಾನಗಳೆಷ್ಟೆಂದು ನಾವು ಕೇಳುತ್ತೇವೆ. ಅವು ಮಗುವಿನ ಮನೆಗೆಷ್ಟು ದೂರವೆಂಬುದನ್ನು ಮೊದಲು ಕೇಳಬೇಕೆಂದು ಚರಿತ್ರೆ ತಿಳಿಸುತ್ತದೆ.

ಮೈಸೂರು ನಗರದಲ್ಲಿ ಕಿವುಡ ಹಾಗೂ ಅಂಧ ಮಕ್ಕಳ ಪಾಠಶಾಲೆ 1901ರಲ್ಲಿಯೇ ಆರಂಭವಾಯಿತು. ಆದರೆ ಮಲೆಮಹದೇಶ್ವರ ಬೆಟ್ಟದ ಸೀಮೆಯ ರಾಮಾಪುರಕ್ಕೆ ಅದು ಪರರಾಜ್ಯದ ಶಾಲೆಯಾಗಿದ್ದಿತು. ಕೊಳ್ಳೇಗಾಲ ತಾಲ್ಲೂಕು ಆಗ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಮೈಸೂರಿಗೆ ಕೂಡಿದುದು 1956ರಲ್ಲಿ. ಗಡಿಯೇನೋ ಅಳಿಯಿತು, ನಡುವಿನ ಸುಮಾರು ನೂರು ಕಿಲೋಮೀಟರು ಉಳಿಯಿತು.

ದೂರದ ಶಾಲೆಯೆಂದರೆ ವಿದ್ಯಾರ್ಥಿನಿಲಯ. ಆರು ವರ್ಷದ ಕಿವುಡ ಮಗು ಅಲ್ಲಿ ಸನ್ನೆಯ ಭಾಷೆಯನ್ನು ಕಲಿತು ರಜೆಗೆ ಮರಳಿದರೆ, ಆ ಭಾಷೆಯನ್ನರಿಯದ ತಾಯಿಗೆ ತನ್ನ ಮಗುವಿನ ಮಾತೇ ತಿಳಿಯದು. ವಿದ್ಯೆ ಬಂದಿತು, ಮನೆ ದೂರವಾಯಿತು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು, ನಿಗದಿತ ಪ್ರಮಾಣದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಾಗಲಿ ತಾವು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕನ್ನಿತ್ತಿದೆ. ನೆರೆಯ ಶಾಲೆಯಲ್ಲಿ ಬ್ರೈಲ್ ಲಿಪಿಯನ್ನೂ ಸನ್ನೆಯ ಭಾಷೆಯನ್ನೂ ಬಲ್ಲ ಉಪಾಧ್ಯಾಯರಿಲ್ಲದಿದ್ದರೆ, ಬಾಗಿಲಿಗೆ ಇಳಿಜಾರಿನ ದಾರಿಯಿಲ್ಲದಿದ್ದರೆ, ಹಳ್ಳಿಯಿಂದ ವಾಹನವಿಲ್ಲದಿದ್ದರೆ, ಆಯ್ಕೆಯೆಂಬುದು ಬರಿಯ ಹೆಸರು. ಆದುದರಿಂದ ಹೊಸ ಸ್ಥಾನಗಳ ಲೆಕ್ಕವನ್ನು ನಗರದ ಕಟ್ಟಡದಿಂದಲ್ಲ, ರಾಮಾಪುರದಂತಹ ಊರಿನ ಮನೆಬಾಗಿಲಿನಿಂದ ನಾವು ಆರಂಭಿಸಬೇಕು.