ಹಾರುವ ಓತಿ, ಅಪ್ಪಿದ ಮರ, ನಮ್ಮ ಕಾಲುವೆ

ಮಳೆಕಾಡು ಅಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ನಮಗೆ ಪುಸ್ತಕದಲ್ಲಿ ಕಂಡದ್ದು. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯಲ್ಲಿ ಹಾರುವ ಓತಿ ಹುಡುಕಲು ವಿಜ್ಞಾನಿಯ ಜೊತೆ ಹೊರಟವರು ಯಾರು? ಜೇನಿನ ಮಂದಣ್ಣ, ಬಿರಿಯಾನಿ ಕರಿಯಪ್ಪ, ನಾಯಿ ಕಿವಿ!

ಮೂರು ವರ್ಷದ ನಂತರ ಇಂಥದ್ದೇ ಸಾಮಾನ್ಯರು ನಿಜವಾಗಿ ಕಾಡಿಗಿಳಿದರು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಹೆಂಗಸರು, ಯುವಕರು ಹತ್ತಿರದ ಕಾಡಿಗೆ ನಡೆದು, ಕೊಡಲಿಗೆ ಸಿಕ್ಕ ಮರಗಳನ್ನು ಅಪ್ಪಿ ನಿಂತರು. ಹಿಮಾಲಯದ ಚಿಪ್ಕೋ ಮಾದರಿಯ ಈ ಹೋರಾಟವೇ ಅಪ್ಪಿಕೋ.

ಅದು ನಮಗೆ ದೂರದ್ದಲ್ಲ. ತುಂಗೆ, ಭದ್ರೆ ಹುಟ್ಟುವುದು ಅದೇ ಘಟ್ಟಸಾಲಿನ ಗಂಗಾಮೂಲದಲ್ಲಿ. ಆ ನೀರೇ ಎಡದಂಡೆ ಕಾಲುವೆ ಹಿಡಿದು ಸಿಂಧನೂರಿನ ಭತ್ತಕ್ಕೆ ಬರುತ್ತದೆ. ಕೊನೆಭಾಗಕ್ಕೆ ನೀರು ಬರಲಿಲ್ಲವೆಂದು ಸುದ್ದಿ ಬರೆಯುವ ನಾವು, ಮೇಲಿನ ಕಾಡಿನ ಸುದ್ದಿಯನ್ನೂ ಕೇಳುತ್ತಿರಬೇಕು.