ಬಾಡಿಗೆಯ ಮನೆ, ಒತ್ತೆಯ ಮನೆ

ಆಸ್ತಿಯ ಮೇಲೆ ಸಾಲ ಎತ್ತುವುದಕ್ಕೆ ನಮ್ಮಲ್ಲಿ ಹಳೆಯ ಮಾತುಗಳು ಹಲವಿವೆ: ಅಡವು, ಒತ್ತೆ, ಆಧಾರ, ಭೋಗ್ಯ. ಭೋಗ್ಯವೆಂದರೆ ಸಾಲ ಕೊಟ್ಟವನು ಬಡ್ಡಿಗೆ ಬದಲಾಗಿ ಮನೆಯನ್ನೋ ಜಮೀನನ್ನೋ ಅನುಭೋಗಿಸುವ ಏರ್ಪಾಟು. ಇಂಗ್ಲಿಷಿನ ‘ಮಾರ್ಟ್‌ಗೇಜ್’ ಎಂಬುದು ಹಳೆಯ ಫ್ರೆಂಚಿನಿಂದ ಬಂದ ಮಾತು. ಅದರ ಅಕ್ಷರಾರ್ಥ ‘ಸತ್ತ ಒತ್ತೆ’. ಈ ಮಾತುಗಳೆಲ್ಲ ಹುಟ್ಟಿದುದು ಆಸ್ತಿ ಇದ್ದವನಿಗಾಗಿ. ಇದ್ದುದನ್ನು ಒತ್ತೆಯಿಟ್ಟು ಹಣ ತರುವುದು ಅವನ ವ್ಯವಹಾರ. ಇನ್ನೊಬ್ಬರ ಮನೆಯಲ್ಲಿ ಬಾಡಿಗೆಗೆ ಇರುವವನು ಏನನ್ನು ತಾನೆ ಒತ್ತೆಯಿಟ್ಟಾನು? ಇನ್ನೂ ತನ್ನದಾಗದ ಮನೆಯನ್ನೇ ಒತ್ತೆಯಿಟ್ಟು ಆ ಮನೆಯನ್ನು ಕೊಳ್ಳುವ ಚಮತ್ಕಾರವೊಂದು ಅವನಿಗೆ ಬೇಕಾಗಿತ್ತು. ಆ ಚಮತ್ಕಾರ ಇಂಗ್ಲೆಂಡಿನಲ್ಲಿ ಹೇಗೆ ಬಂದಿತು, ಬಾಡಿಗೆದಾರನ ಪಾಲಿಗೆ ಅದರ ಬಾಗಿಲು ಎಷ್ಟು ತೆರೆಯಿತು ಎಂಬುದು ಸುಮಾರು ಎರಡೂವರೆ ಶತಮಾನಗಳ ಕಥೆ.

1775ನೆಯ ಇಸವಿ. ಬರ್ಮಿಂಗ್‌ಹ್ಯಾಂ ಆಗ ಲೋಹದ ಕೆಲಸಗಾರರ ಊರು. ಗುಂಡಿ, ಬಕಲು, ಬಂದೂಕುಗಳನ್ನು ಮಾಡುವ ಕುಶಲಕರ್ಮಿಗಳ ಊರು. ಅಲ್ಲಿನ ಸ್ನೋ ಹಿಲ್ ಎಂಬಲ್ಲಿ ‘ಗೋಲ್ಡನ್ ಕ್ರಾಸ್’ ಎಂಬ ಪಾನಗೃಹವನ್ನು ನಡೆಸುತ್ತಿದ್ದವನು ರಿಚರ್ಡ್ ಕೆಟ್ಲಿ. ಅವನ ಪಾನಗೃಹದಲ್ಲಿ ಸೇರುತ್ತಿದ್ದ ಜನ ಆ ವರ್ಷ ಒಂದು ಸಂಘವನ್ನು ಕಟ್ಟಿಕೊಂಡರು. ತಿಳಿದಿರುವ ಮಟ್ಟಿಗೆ ಮೊಟ್ಟಮೊದಲ ‘ಬಿಲ್ಡಿಂಗ್ ಸೊಸೈಟಿ’ ಅದೇ. ಸಂಪಾದನೆಯನ್ನು ಕರಗಿಸುವ ಜಾಗವೆಂದು ಹೆಸರಾದ ಪಾನಗೃಹದಲ್ಲಿಯೇ ಮನೆ ಕಟ್ಟುವ ಉಳಿತಾಯವೂ ಹುಟ್ಟಿದುದು ಒಂದು ವಿನೋದ!

ಸದಸ್ಯನಾದವನು ತಿಂಗಳಿಗೆ ಇಷ್ಟೆಂದು ವಂತಿಗೆ ಹಾಕಬೇಕು. ಒಂದು ಮನೆಗೆ ಸಾಲುವಷ್ಟು ಹಣ ಕೂಡಿದಾಗ ಚೀಟಿ ಎತ್ತಿ, ಹೆಸರು ಬಂದವನಿಗೆ ಹಣ ಕೊಡುವರು. ಅವನು ಮನೆ ಕಟ್ಟಿಕೊಂಡು, ಅದನ್ನು ಸಂಘಕ್ಕೆ ಒತ್ತೆಯಾಗಿ ಬಿಟ್ಟು, ವಂತಿಗೆಯನ್ನು ಮುಂದುವರಿಸುವನು. ಎಲ್ಲರಿಗೂ ಮನೆಯಾದ ಮೇಲೆ ಸಂಘವೇ ಮುಕ್ತಾಯ. ನಮ್ಮ ಊರುಗಳ ಚೀಟಿ ವ್ಯವಹಾರವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆದರೆ ಸರದಿ ಬಾರದವನ ಪಾಡನ್ನು ಸ್ವಲ್ಪ ಯೋಚಿಸಿರಿ. ಅವನು ಇರುವುದು ಬಾಡಿಗೆಯ ಮನೆಯಲ್ಲಿ. ವಾರ ವಾರವೂ ಮನೆಯ ಒಡೆಯನಿಗೆ ಬಾಡಿಗೆ ತೆರಬೇಕು, ತಿಂಗಳಾಗುತ್ತಲೂ ಸಂಘಕ್ಕೆ ವಂತಿಗೆ ಕಟ್ಟಬೇಕು, ತಪ್ಪಿದರೆ ದಂಡ. ಒಂದು ಕೂಲಿಯಲ್ಲಿ ಎರಡು ಮನೆಗಳ ಹೊರೆ: ಇರುವ ಮನೆಯದೊಂದು, ಬರಲಿರುವ ಮನೆಯದೊಂದು. ಚೀಟಿ ಕೊನೆಯಲ್ಲಿ ಬಂದವನು ಈ ಜೋಡಿ ಹೊರೆಯನ್ನು ವರ್ಷಗಟ್ಟಲೆ ಹೊರಬೇಕು. ಇದನ್ನು ತಾಳಿಕೊಂಡವರು ಕೈಯಲ್ಲಿ ಒಳ್ಳೆಯ ಕಸುಬಿದ್ದವರು. ಅಂದಂದಿನ ಕೂಲಿಯನ್ನು ನಂಬಿದ ಬಡವ ಆ ಪಾನಗೃಹದ ಮೇಜಿನ ಹತ್ತಿರ ಬರಲಿಲ್ಲ. ಬಾಡಿಗೆ ಕಟ್ಟುತ್ತಲೇ ಮನೆಗಾಗಿ ಹಣ ಕೂಡಿಸಬೇಕಾದವನ ಕಷ್ಟ ಅಂದಿನಿಂದ ಇಂದಿನವರೆಗೆ ಮೂಲತಃ ಇದೇ.

1845ರ ಸುಮಾರಿಗೆ ‘ಶಾಶ್ವತ’ ಸಂಘಗಳು ತಲೆಯೆತ್ತಿದವು. ಇಲ್ಲಿ ಹಣವಿಡುವವರು ಬೇರೆ, ಸಾಲ ತೆಗೆಯುವವರು ಬೇರೆ, ಸಂಘಕ್ಕೆ ಮುಕ್ತಾಯವಿಲ್ಲ. ಚೀಟಿಗಾಗಿ ಕಾಯುವ ಸಂಕಟ ತಪ್ಪಿತು, ನಿಜ. ಆದರೆ ಪಾನಗೃಹದ ಸಂಘದಲ್ಲಿ ಒಬ್ಬನ ಮುಖವನ್ನು ಇನ್ನೊಬ್ಬ ಬಲ್ಲವನಾಗಿದ್ದ. ಈಗ ಸಾಲ ಕೇಳುವವನು ಅಪರಿಚಿತ. ಮುಖಪರಿಚಯದ ಸ್ಥಾನದಲ್ಲಿ ಅರ್ಜಿ ಬಂದು ಕುಳಿತಿತು, ಅದರ ಹಿಂದೆ ಮನೆಯ ಬೆಲೆ ಕಟ್ಟುವ ತಜ್ಞ ಬಂದ. ಸಂಬಳವೆಷ್ಟು, ಕೈಯಿಂದ ಹಾಕುವ ಮುಂಗಡವೆಷ್ಟು ಎಂಬ ಪ್ರಶ್ನೆಗಳು ಬಂದವು. ಮನೆಗೆ ಮತದ ಹಕ್ಕೂ ಅಂಟಿಕೊಂಡಿದ್ದ ಕಾಲವದು. ಕೌಂಟಿಗಳಲ್ಲಿ ವರ್ಷಕ್ಕೆ ನಲವತ್ತು ಷಿಲಿಂಗ್ ಹುಟ್ಟುವಳಿಯ ಸ್ವಂತ ಭೂಮಿಯಿದ್ದವನಿಗೆ ಮತವಿದ್ದುದರಿಂದ, ಕಸುಬುದಾರರಿಗೆ ತುಂಡು ನೆಲವನ್ನು ಕೊಡಿಸಿ ಮತದಾರರನ್ನಾಗಿ ಮಾಡುವ ಸಂಘಗಳೇ 1840ರ ದಶಕದ ಕೊನೆಯಲ್ಲಿ ಹುಟ್ಟಿಕೊಂಡವು.

ಇನ್ನು ಬಾಡಿಗೆಯ ಮನೆಯ ಒಡೆಯ. ಅವನು ದೊಡ್ಡ ಜಮೀನುದಾರನೇ ಆಗಿರಬೇಕೆಂದಿಲ್ಲ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಎಷ್ಟೋ ಅಂಗಡಿಕಾರರು, ಎಷ್ಟೋ ವಿಧವೆಯರು ನಾಲ್ಕಾರು ಮನೆಗಳ ಬಾಡಿಗೆಯನ್ನು ನಂಬಿ ಬದುಕುತ್ತಿದ್ದರು. ಆ ಮನೆಗಳಲ್ಲಿ ಬಹಳಷ್ಟು ಒತ್ತೆಯ ಸಾಲದಿಂದಲೇ ಕಟ್ಟಿದವು ಅಥವಾ ಕೊಂಡವು. ಅಂದರೆ ಬಾಡಿಗೆದಾರ ಕೊಟ್ಟ ಹಣದಲ್ಲಿ ಒಂದು ಪಾಲು ಒಡೆಯನ ಕೈಯನ್ನು ದಾಟಿ ಸಾಲಗಾರನಿಗೆ, ಬಡ್ಡಿಯಾಗಿ, ಹೋಗುತ್ತಿತ್ತು. ಒತ್ತೆಯ ಸಾಲವನ್ನು ನಿಜವಾಗಿ ತೀರಿಸುತ್ತಿದ್ದವನು, ಕಾಗದದಲ್ಲಿ ತನ್ನ ಹೆಸರೇ ಇಲ್ಲದ ಬಾಡಿಗೆದಾರ.

ಈ ಗುಟ್ಟು ಬಟ್ಟಬಯಲಾದುದು 1915ರಲ್ಲಿ, ಗ್ಲಾಸ್ಗೋ ನಗರದಲ್ಲಿ. ಮಹಾಯುದ್ಧ ನಡೆದಿತ್ತು. ಹಡಗುಕಟ್ಟೆಗಳಿಗೂ ಮದ್ದುಗುಂಡಿನ ಕಾರ್ಖಾನೆಗಳಿಗೂ ಜನ ಬಂದು ತುಂಬಿದರು. ಒಡೆಯರು ಬಾಡಿಗೆ ಏರಿಸಿದರು. ಗಂಡಸರಲ್ಲಿ ಕೆಲವರು ಯುದ್ಧರಂಗದಲ್ಲಿ, ಉಳಿದವರು ಕಾರ್ಖಾನೆಯಲ್ಲಿ. ಬಾಗಿಲಲ್ಲಿ ನಿಂತವರು ಹೆಂಗಸರು. ಗೋವನ್ ಬಡಾವಣೆಯ ಮೇರಿ ಬಾರ್ಬರ್ ಎಂಬ ಗೃಹಿಣಿಯ ಮುಂದಾಳುತನದಲ್ಲಿ ಅವರು ಏರಿಸಿದ ಬಾಡಿಗೆಯನ್ನು ಕೊಡುವುದಿಲ್ಲವೆಂದು ನಿಂತರು. ಮನೆ ಖಾಲಿ ಮಾಡಿಸಲು ಅಮೀನರು ಬಂದರೆ ಗಂಟೆ ಬಾರಿಸಿ ನೆರೆಹೊರೆಯವರನ್ನು ಕೂಡಿಸುವರು. ಹಿಟ್ಟಿನ ಪೊಟ್ಟಣಗಳನ್ನು ಅವರ ಮೇಲೆ ಎಸೆಯುವರು. ನವೆಂಬರ್ 17ರಂದು 18 ಮಂದಿ ಬಾಡಿಗೆದಾರರ ಮೇಲಿನ ಮೊಕದ್ದಮೆ ವಿಚಾರಣೆಗೆ ಬಂದಾಗ ಸಾವಿರಾರು ಕೆಲಸಗಾರರು ನ್ಯಾಯಾಲಯದ ಮುಂದೆ ನೆರೆದರು. ಮೊಕದ್ದಮೆಯನ್ನು ಕೈಬಿಡಲಾಯಿತು. ಡಿಸೆಂಬರಿನಲ್ಲಿ ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಿತು.

ಆ ಕಾಯಿದೆಯ ಹೆಸರನ್ನು ಗಮನಿಸಬೇಕು: ‘ಬಾಡಿಗೆ ಮತ್ತು ಒತ್ತೆಸಾಲದ ಬಡ್ಡಿಯ ಏರಿಕೆ (ಯುದ್ಧಕಾಲದ ನಿರ್ಬಂಧ) ಕಾಯಿದೆ’. ಸಣ್ಣ ಮನೆಗಳ ಬಾಡಿಗೆ 1914ರ ಆಗಸ್ಟಿನ ಮಟ್ಟದಲ್ಲಿ ನಿಂತಿತು. ಜೊತೆಯಲ್ಲಿಯೇ ಆ ಮನೆಗಳ ಮೇಲಿನ ಸಾಲದ ಬಡ್ಡಿಯೂ ನಿಂತಿತು. ಒಂದನ್ನು ಕಟ್ಟಿ ಇನ್ನೊಂದನ್ನು ಬಿಟ್ಟರೆ ನಡುವೆ ಸಿಕ್ಕ ಸಣ್ಣ ಒಡೆಯ ನುಗ್ಗಾಗುತ್ತಿದ್ದ. ಬಾಡಿಗೆಯೂ ಒತ್ತೆಯ ಬಡ್ಡಿಯೂ ಒಂದೇ ಹಗ್ಗದ ಎರಡು ತುದಿಗಳೆಂದು ಶಾಸನವೇ ಒಪ್ಪಿಕೊಂಡಂತಾಯಿತು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಇಷ್ಟು ಪ್ರಾಮಾಣಿಕವಾದ ಶೀರ್ಷಿಕೆ ಇನ್ನೊಂದಿಲ್ಲ.

1918ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ನೂರಕ್ಕೆ 77 ಕುಟುಂಬಗಳು ಬಾಡಿಗೆಯ ಮನೆಗಳಲ್ಲಿದ್ದವು. ಎರಡು ಯುದ್ಧಗಳ ನಡುವೆ ಹೊಸ ಬಡಾವಣೆಗಳು ಎದ್ದವು; ಮನೆ ಮಾರುವ ಆತುರದಲ್ಲಿ ಕಟ್ಟಡದ ಕಂಟ್ರಾಕ್ಟರುಗಳು ತಾವೇ ಸೊಸೈಟಿಗಳಲ್ಲಿ ಜಾಮೀನು ಹಣವಿಟ್ಟು, ಕೊಳ್ಳುವವನ ಮುಂಗಡವನ್ನು ನೂರಕ್ಕೆ ಐದರವರೆಗೆ ಇಳಿಸಿದರು. ಅರ್ಜಿಯ ಬಾಗಿಲು ಆಗ ಅಗಲವಾಯಿತು. 1971ರ ವೇಳೆಗೆ ಸ್ವಂತ ಮನೆಯವರೂ ಬಾಡಿಗೆಯವರೂ ಸಮಸಮವಾಗಿದ್ದರು.

ಮತ್ತೆ ಗಾಳಿ ತಿರುಗಿದುದು 1990ರ ದಶಕದ ನಂತರ. 1996ರಲ್ಲಿ, ಮನೆ ಕೊಂಡು ಬಾಡಿಗೆಗೆ ಕೊಡುವವರಿಗೆಂದೇ ಒಂದು ಬಗೆಯ ಒತ್ತೆಸಾಲ ಬಳಕೆಗೆ ಬಂದಿತು. ಇದರ ಅರ್ಜಿಯಲ್ಲಿ ಮುಖ್ಯವಾಗಿ ನೋಡುತ್ತಿದ್ದುದು ಒಡೆಯನ ಸಂಬಳವನ್ನಲ್ಲ, ಆ ಮನೆಗೆ ಬರಬಹುದಾದ ಬಾಡಿಗೆಯನ್ನು. ಅದು ಸಾಲದ ಬಡ್ಡಿಗಿಂತ ಇಷ್ಟು ಹೆಚ್ಚಿದ್ದರೆ ಸರಿ. ಬಾಡಿಗೆದಾರ ಕಟ್ಟಲಿರುವ ಹಣ ಒಡೆಯನ ಅರ್ಜಿಗೆ ಸಾಕ್ಷಿಯಾಯಿತು. ಅದೇ ಬಾಡಿಗೆದಾರ ತನಗೊಂದು ಮನೆ ಬೇಕೆಂದು ಅರ್ಜಿ ಹಿಡಿದು ಹೋದರೆ, ಹತ್ತು ವರ್ಷ ತಪ್ಪದೆ ಬಾಡಿಗೆ ಕಟ್ಟಿದುದು ಅಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರಲಿಲ್ಲ. ಮುಂಗಡವೆಲ್ಲಿ ಎಂದು ಕೇಳಿದರು. ಮುಂಗಡಕ್ಕೆ ಕೂಡಿಡಬೇಕಾದ ಹಣವೇ ಬಾಡಿಗೆಯಾಗಿ ಹೋಗಿತ್ತು.

2023ರ ಮೇ ತಿಂಗಳಲ್ಲಿ ಯಾರ್ಕ್‌ಷೈರಿನ ಸ್ಕಿಪ್ಟನ್ ಬಿಲ್ಡಿಂಗ್ ಸೊಸೈಟಿ ಬಾಡಿಗೆದಾರರಿಗಾಗಿಯೇ ಮುಂಗಡವಿಲ್ಲದ ಒಂದು ಸಾಲವನ್ನು ಪ್ರಕಟಿಸಿತು. ಅರ್ಜಿದಾರ ಹನ್ನೆರಡು ತಿಂಗಳು ಸತತವಾಗಿ ಬಾಡಿಗೆ ಕಟ್ಟಿದುದಕ್ಕೆ ದಾಖಲೆ ತೋರಿಸಬೇಕಾಗಿತ್ತು. ಸಾಲದ ಕಂತು ಅವನು ಕೊನೆಯ ಆರು ತಿಂಗಳಲ್ಲಿ ಕಟ್ಟಿದ ಸರಾಸರಿ ಬಾಡಿಗೆಯನ್ನು ಮೀರಬಾರದೆಂಬುದು ಆಗಿನ ನಿಯಮವಾಗಿತ್ತು. ಗೋಲ್ಡನ್ ಕ್ರಾಸ್ ಪಾನಗೃಹದಲ್ಲಿ ಕೆಟ್ಲಿಯ ಸಂಘ ಸೇರಿ ಆಗ 248 ವರ್ಷಗಳಾಗಿದ್ದವು.